ಎಂಜಿನ್ ಚಾಲೂ ಆಗಲಿಲ್ಲ ಅಂದ್ರ ಮೊದಲು ಕೈ ಬಿಟ್ಟು ನೋಡ್ರಿ



ಈ ವಾರ ತೊಗರಿ ರಾಶಿ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಿನ ವಾರಕ್ಕ ಇರಲಿ. ಇವತ್ತು ಒಂದು ಎಂಜಿನ್ ವಿಷಯ. ಟ್ರ್ಯಾಕ್ಟರಿನದಲ್ಲ, ಪಂಪ್‌ಸೆಟ್ಟಿನದಲ್ಲ, ವಿಮಾನದ ಎಂಜಿನ್. ಅದೂ ನಮ್ಮ ಗೊಬ್ಬೂರದಾಗ, ನಮ್ಮ ಅಣ್ಣನ ಮನಿ ಪಡಸಾಲಿಯೊಳಗ. ನಗಬ್ಯಾಡ್ರಿ, ಕಡಿತನಕ ಓದ್ರಿ. ಬಾವಿ ಮ್ಯಾಲ ಮೋಟರ್ ಇದ್ದವರಿಗೆ ಇದ್ರಾಗ ಉಪಯೋಗದ ಮಾತು ಅದ. ಮತ್ತ ನಾ ನಿಮ್ಮಲ್ಲಿ ಬಾಳ ಮಂದಿಗೆ ಹೇಳಿದ ಒಂದು ಸುಳ್ಳು ತಿದ್ದೋದೂ ಅದ.

ನಮ್ಮಣ್ಣ ಏರ್‌ಫೋರ್ಸಿನಾಗ ಎಂಜಿನ್ ಫಿಟ್ಟರ್ ಇದ್ದ ಅಂತ ಊರಿಗೆಲ್ಲ ಗೊತ್ತದ. ಅಂವ ಪಿಯುಸಿ ಮುಗಿಸಿ ಭರ್ತಿ ಆದ, ನಾ ಎಸ್ಸೆಸ್ಸೆಲ್ಸಿ ಪಾಸಾಗಿ ಹೊಲ ಹಿಡದೆ. ತಾಂಬರಂನಾಗ ಟ್ರೇನಿಂಗ್, ಆಮ್ಯಾಲ ಊರೂರು ತಿರುಗಿ ಕಡೀಕ ನಮ್ಮ ಬೀದರಕ್ಕ ಬಂದ. ಅಲ್ಲಿ ಕಿರಣ್ ವಿಮಾನದ ಎಂಜಿನ್ ನೋಡ್ಕೋತಿದ್ದ. ಕಿರಣ್ ಅಂದ್ರ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಸಣ್ಣ ಜೆಟ್, 1964ರಾಗ ಮೊದಲ ಸಲ ಹಾರಿದ್ದು. ಸಾಲಾಗಿ ಹಾರಿ ಆಕಾಶದಾಗ ಕಸರತ್ತು ಮಾಡೋ ಸೂರ್ಯಕಿರಣ ತಂಡ 1996ರಾಗ ಹುಟ್ಟಿದ್ದೂ ಬೀದರದಾಗ, ಇದ ಕಿರಣ್ ವಿಮಾನಗಳ ಮ್ಯಾಲ. ರಿಟೈರ್ ಆಗಿ ಬಂದ ಮ್ಯಾಲೂ ಅಣ್ಣ ಮುಂಜಾನಿ ಐದಕ್ಕ ಎದ್ದು ಬೂಟ್ ಪಾಲಿಶ್ ಮಾಡ್ತಿದ್ದ. ಹಂಗಿದ್ದ ಮನುಷ್ಯಾ.

ಹೋದ ದೀಪಾವಳಿ ಮುಂದ ಅವಗ ಲಕ್ವಾ ಹೊಡೀತು. ಬಲಗಾಲು ಸುಧಾರಿಸಿತು, ಬಲಗೈ ನಡಗೋದು ನಿಲ್ಲಲಿಲ್ಲ. ದಿನಾ ಕೈಗೆ ಕೆಲಸ ಕೊಡ್ರಿ, ಸಣ್ಣ ಸಣ್ಣ ಸಾಮಾನು ಹಿಡಿಯೋದು ಬಿಡೋದು ಮಾಡ್ರಿ ಅಂತ ಡಾಕ್ಟರ್ ಹೇಳಿದ್ರು. ಪುಣೆಯಾಗ ನೌಕರಿ ಮಾಡೋ ಅವನ ಮಗ ಒಂದು ಹಳೇ ಕಂಪ್ಯೂಟರ್ ತಂದಿಟ್ಟ. ಜೋಡಿಗೆ ಒಂದು ಹಿಡಿಕಿ ಕೋಲು, ಮೂರು ಲಿವರ್ ಇರೋ ಒಂದು ಪೆಟಿಗಿ. ಎರಡೂ ಸೆಕೆಂಡ್ ಹ್ಯಾಂಡ್. ಕಂಪ್ಯೂಟರಿನಾಗ ವಿಮಾನ ನಡೆಸೋ ಪ್ರೋಗ್ರಾಂ ಹಾಕಿಕೊಟ್ಟ. ಇದಕ್ಕ ಫ್ಲೈಟ್ ಸಿಮ್ಯುಲೇಟರ್ ಅಂತಾರ. ಇಂಥವು ನಾಕೈದು ಅದಾವ, ಫ್ಲೈಟ್‌ಗೇರ್ ಅನ್ನೋದು ಪುಕ್ಕಟೆ ಸಿಗ್ತದ. ಆಟದಂಗ ಕಂಡ್ರೂ ಒಳಗ ಖರೇ ವಿಮಾನದ ಲೆಕ್ಕ ಅದ. ಯಾವ ಸ್ವಿಚ್ ಬಿಟ್ರೂ ಎಂಜಿನ್ ಚಾಲೂ ಆಗೋದಿಲ್ಲ.

ಇದೆಲ್ಲ ನಾ ನೋಡಿರಲಿಲ್ಲ. ಯಾಕಂದ್ರ ಎರಡು ವರ್ಷದಿಂದ ನಾವಿಬ್ಬರೂ ಮಾತಾಡ್ತಿರಲಿಲ್ಲ.

ಕಾರಣ ನಿಮಗ ಗೊತ್ತದ. ಪಾಲಿನ ಬಾವಿ, ಒಂದ 5 ಎಚ್‌ಪಿ ಮೋಟರ್, ದಿನಾ ಬಿಟ್ಟು ದಿನಾ ಪಾಳಿ. ಎರಡು ವರ್ಷದ ಹಿಂದ ಅವನ ಪಾಳಿಯಂದು ಮೋಟರ್ ಸುಟ್ಟಿತು. ಅದ ಹೊತ್ತಿನ್ಯಾಗ ನನ್ನ ಕಬ್ಬಿಗೆ ನೀರು ಬೇಕಾಗಿತ್ತು. ನಾ ಅಗಸಿ ಕಟ್ಟಿ ಮ್ಯಾಲ ಕುಂತು, "ವಿಮಾನದ ಎಂಜಿನ್ ರಿಪೇರಿ ಮಾಡಿದವಗ ಸ್ಟಾರ್ಟರ್ ಒತ್ತಾಕ ಬರೋದಿಲ್ಲ" ಅಂತ ಹತ್ತು ಮಂದಿ ಮುಂದ ಅಂದೆ. ಅಣ್ಣ ರಿವೈಂಡಿಂಗ್ ಖರ್ಚಿನ್ಯಾಗ ಅರ್ಧ ಕೊಟ್ಟ, ತುಟಿ ಬಿಚ್ಚಲಿಲ್ಲ. ಅವತ್ತಿನಿಂದ ಮಾತು ಬಂದ್.

ಹೋದ ವಾರ ವೈನಿ ಫೋನ್ ಮಾಡಿದ್ರು. "ಮೂರು ದಿನ ಆತು, ಕಂಪ್ಯೂಟರ್ ಮುಂದಿಂದ ಏಳವಲ್ಲರು. ಎಂಜಿನ್ ಚಾಲೂ ಆಗವಲ್ದಂತ. ಮಗ ಫೋನಿನ್ಯಾಗ ಏನೇನೋ ಹೇಳಿದ, ಆಗಲಿಲ್ಲ. ಕೈ ಹೋತು, ಇನ್ನ ನಾ ಯಾತಕ್ಕೂ ಬಾರದವ ಅಂತಾರ. ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ನಿಮಗ ಎಂಜಿನ್ ಕೆಲಸ ತಿಳೀತದ, ಒಂದ್ಸಲ ಬಂದು ಹೋಗ್ರಿ."

ಸಂಜಿ ಮುಂದ ಹೋದೆ. ಅಣ್ಣ ಬಾ ಅನ್ನಲಿಲ್ಲ. ಪಕ್ಕದ ಕುರ್ಚಿ ಸರಸಿದ. ಕುಂತೆ.

ತೆರೆ ಮ್ಯಾಲ ಬೋಯಿಂಗ್ 737. ನಿಲ್ಲಿಸಿದ್ದು ನಮ್ಮ ಕಲಬುರಗಿ ಏರ್‌ಪೋರ್ಟಿನಾಗ, 2019ರ ನವೆಂಬರ್ 22ಕ್ಕ ಶುರು ಆತಲ್ಲ, ಅದ. ಹತ್ತಿಪ್ಪತ್ತು ಗಡಿಯಾರದ ಮುಳ್ಳು, ನೂರಾರು ಸ್ವಿಚ್. ನನಗೇನೂ ತಿಳೀಲಿಲ್ಲ. "ಮೊದಲಿಂದ ಹೇಳು" ಅಂದೆ. ಹೇಳಿದ. ನನಗ ತಿಳಿದಷ್ಟು ನಿಮಗ ಹೇಳ್ತೀನಿ.

ನಮ್ಮ ಡೀಸೆಲ್ ಎಂಜಿನ್ ಗಾಳಿ ಹೀರತದ, ಒತ್ತತದ, ಉರೀತದ, ಹೊಗಿ ಹೊರಗ ಹಾಕತದ. ನಾಕೂ ಕೆಲಸ ಒಂದ ಸಿಲಿಂಡರಿನಾಗ ಸರದಿ ಪ್ರಕಾರ. ಜೆಟ್ಟಿನಾಗೂ ಅವ ನಾಕು ಕೆಲಸ. ಆದ್ರ ಮುಂದಿಂದ ಹಿಂದಕ ಸಾಲಾಗಿ, ಎಲ್ಲಾ ಒಂದ ಹೊತ್ತಿಗೆ. ಮುಂದಿನ ಚಕ್ರ ಗಾಳಿ ಒಳಗ ಒತ್ತತಾವ, ನಡುವ ಎಣ್ಣಿ ಉರೀತದ, ಆ ಉರಿಗಾಳಿ ಹಿಂದಿನ ಚಕ್ರಕ್ಕ ಬಡಿದು ಅದನ್ನ ತಿರುವತದ. ಹಿಂದಿನ ಚಕ್ರ, ಮುಂದಿನ ಚಕ್ರ ಒಂದ ಶಾಫ್ಟಿನ ಮ್ಯಾಲ ಇರ್ತಾವ. ಹಿಂಗಾಗಿ ಒಮ್ಮಿ ನಡದ್ರ ತನ್ನ ಗಾಳಿ ತಾನ ಎಳಕೋತದ.

ತ್ರಾಸ ಇರೋದು ಮೊದಲ ಸುತ್ತಿನಾಗ. ಚಕ್ರ ತಿರುಗದ ಹೊರತು ಗಾಳಿ ಇಲ್ಲ, ಗಾಳಿ ಇಲ್ಲದ ಬೆಂಕಿ ಇಲ್ಲ, ಬೆಂಕಿ ಇಲ್ಲದ ಚಕ್ರ ತಿರುಗೋದಿಲ್ಲ. ಹೊರಗಿಂದ ಯಾರಾದ್ರೂ ತಿರುವಬೇಕು. ಹಳೇ ಡೀಸೆಲ್ ಎಂಜಿನ್‌ಗೆ ಹ್ಯಾಂಡಲ್ ಹಾಕಿದವರಿಗೆ ಇದು ಗೊತ್ತದ. ಮೊದಲು ಡಿಕಂಪ್ರೆಷನ್ ಲಿವರ್ ಎತ್ತಿ, ಫ್ಲೈವೀಲಿಗೆ ವೇಗ ಬರಿಸಿ, ಆಮ್ಯಾಲ ಲಿವರ್ ಬಿಡಬೇಕು. ವೇಗ ಬರೋಕಿಂತ ಮೊದಲ ಬಿಟ್ರ ಎಂಜಿನ್ ಮುಗ್ಗರಸತದ, ಹ್ಯಾಂಡಲ್ ತಿರುಗಿ ಹೊಡೀತದ.

737ರಾಗ ಈ ಹ್ಯಾಂಡಲ್ ಕೆಲಸ ಗಾಳಿ ಮಾಡತದ. ವಿಮಾನದ ಬಾಲದಾಗ ಒಂದು ಸಣ್ಣ ಎಂಜಿನ್ ಅದ, ಎಪಿಯು ಅಂತಾರ. ಮೊದಲು ಬ್ಯಾಟರಿಲೆ ಅದನ್ನ ಚಾಲೂ ಮಾಡಬೇಕು. ಅದರ ಒತ್ತಡದ ಗಾಳಿ ಪೈಪಿನಾಗ ಬಂದು ದೊಡ್ಡ ಎಂಜಿನ್ನಿನ ಸ್ಟಾರ್ಟರ್ ತಿರುವತದ. ಒಳಗಿನ ಚಕ್ರದ ವೇಗಕ್ಕ ಎನ್-2 ಅಂತಾರ, ನೂರಕ್ಕ ಇಷ್ಟು ಅಂತ ಲೆಕ್ಕ. ಅದು 25ರ ಸನೇಕ ಬಂದ ಮ್ಯಾಲ ಎಣ್ಣಿ ಲಿವರ್ ಎತ್ತಬೇಕು. ಕಿಡಿ ಹತ್ತಿ ಇಜಿಟಿ ಅನ್ನೋ ಕಾವಿನ ಮುಳ್ಳು ಏರತದ. ಎನ್-2 56 ಆದಾಗ ಸ್ಟಾರ್ಟರ್ ತಾನ ಬಿಡತದ, 60ರ ಸನೇಕ ಎಂಜಿನ್ ನೆಲಿ ನಿಲ್ಲತದ.

"ಇದ್ರಾಗ ಎಲ್ಲಿ ನಿಂತದ?" ಅಂತ ಕೇಳಿದೆ.

ಅಣ್ಣ ಮಾರಿ ನೋಡಿದ. ಮೂರು ದಿನ ಅಂವ ಪ್ರತಿ ಸಲ ಎಲ್ಲಾ ಸ್ವಿಚ್ ಆಫ್ ಮಾಡಿ ಮೊದಲಿಂದ ಮಾಡಿದ್ದ. ಚಾಲೂ ಆಗಲಿಲ್ಲ ಅಂತ ಗೊತ್ತಿತ್ತು, ಎಲ್ಲಿ ನಿಂತಿತು ಅಂತ ಬರದಿಟ್ಟಿರಲಿಲ್ಲ. ಅಂಥಾ ಫಿಟ್ಟರ್ ಹಂಗ ಮಾಡೋದಿಲ್ಲ. ಅವನ ಮನಸ್ಸು ಎಂಜಿನ್ ಮ್ಯಾಲ ಇರಲಿಲ್ಲ, ಕೈ ಮ್ಯಾಲ ಇತ್ತು.

ಪೆನ್ನು ಹಿಡದು ಕುಂತೆ. ಅಂವ ಚಾಲೂ ಮಾಡಿದ. ಎನ್-2 ಏರಿತು, 14ಕ್ಕ ನಿಂತಿತು. ಎಷ್ಟು ಹೊತ್ತು ಕಾದ್ರೂ 14. ಅಂವ ಅಷ್ಟಕ್ಕ ಎಣ್ಣಿ ಕೊಟ್ಟ. ಕಾವಿನ ಮುಳ್ಳು ಸರ್ರ್ ಅಂತ ಏರಿ ಕೆಂಪು ಗೆರಿ ದಾಟಿತು.

"ನೋಡು, ಇದು ಹಾಟ್ ಸ್ಟಾರ್ಟ್" ಅಂದ. "ಗಾಳಿ ಕಡಿಮಿ ಇದ್ದಾಗ ಎಣ್ಣಿ ಸುರದ್ರ ಉರಿ ಆರಸಾಕ ಗಾಳಿ ಸಾಲೋದಿಲ್ಲ. ಈ ಎಂಜಿನ್‌ಗೆ ಚಾಲೂ ಮಾಡುವಾಗ 725 ಡಿಗ್ರಿ ಮಿತಿ. ದಾಟಿದ್ರ ಒಳಗಿನ ರೆಕ್ಕಿ ಸುಡ್ತಾವ. ಬೆಂಕಿ ಹತ್ತಿ ವೇಗ ನಡುವ ನಿಂತ್ರ ಅದು ಹಂಗ್ ಸ್ಟಾರ್ಟ್. ಎರಡಕ್ಕೂ ಔಷಧ ಒಂದ. ಎಣ್ಣಿ ಬಂದ್ ಮಾಡು, ಬರೀ ಗಾಳಿಲೆ ತಿರುವಿ ಆರಸು, ಕಾರಣ ಹುಡುಕು. ತಿರುಗಿ ತಿರುಗಿ ಒತ್ತಬ್ಯಾಡ. ಸ್ಟಾರ್ಟರಿಗೂ ಮಿತಿ ಅದ, ಒಂದ್ಸಲಕ್ಕ ಎರಡು ನಿಮಿಷ."

ತಿರುಗಿ ತಿರುಗಿ ಒತ್ತಬ್ಯಾಡ ಅಂದಾಗ ನಾ ತಲಿ ತಗ್ಗಿಸಿದೆ. ಯಾಕಂತ ಮುಂದ ಹೇಳ್ತೀನಿ.

"ಈ ಗಾಳಿ ಮತ್ತ ಎಲ್ಲೆಲ್ಲಿ ಹೋಗ್ತದ?" ಅಂತ ಕೇಳಿದೆ. ಪೈಪ್‌ಲೈನಿನ ನೀರು ಕಡೀ ಪಟ್ಟಿಗೆ ಮುಟ್ಟಲಿಲ್ಲ ಅಂದ್ರ ನಾವು ಮೋಟರ್ ಬಿಚ್ಚೋದಿಲ್ಲ, ನಡುವ ಯಾವ ವಾಲ್ವ್ ತೆರದದ ಅಂತ ನೋಡ್ತೀವಿ. ಅಣ್ಣ ಮ್ಯಾಲಿನ ಫಲಕ ನೋಡಿದ. ಪ್ರಯಾಣಿಕರ ಎಸಿ ಸ್ವಿಚ್ಚು, ಪ್ಯಾಕ್ ಅಂತಾರ, ಎರಡೂ ಆನ್ ಇದ್ದವು. ಎಪಿಯು ಗಾಳಿ ಅರ್ಧಕ್ಕರ್ಧ ಅಲ್ಲೇ ಹೊಂಟಿತ್ತು. ಅಂವ ಕೆಲಸ ಮಾಡಿದ್ದು ಸಣ್ಣ ವಿಮಾನದ ಮ್ಯಾಲ, ಎರಡು ನೂರು ಮಂದಿಗೆ ತಂಪು ಗಾಳಿ ಕೊಡೋ ರಗಳೆ ಅವನ ಪಟ್ಟಿಯೊಳಗ ಇರಲಿಲ್ಲ. ಪ್ಯಾಕ್ ಬಂದ್ ಮಾಡಿದ. ಎನ್-2 14 ದಾಟಿತು, 20 ಆತು, 25 ಆತು.

ಎಣ್ಣಿ ಲಿವರ್ ಎತ್ತಿದ. ಬೆಂಕಿ ಹತ್ತಿತು. ಮೂರು ಎಣಿಸೋದ್ರಾಗ ಆರಿ ಹೋತು. ಮತ್ತ ಮಾಡಿದ. ಈ ಸಲ 40ತನಕ ಹೋಗಿ ಆರಿತು. ಒಮ್ಮಿ ಹತ್ತಲೇ ಇಲ್ಲ.

ಗಾಳಿ ಅದ, ಕಿಡಿ ಅದ, ಟ್ಯಾಂಕಿನಾಗ ಎಣ್ಣಿ ಅದ, ಪಂಪ್ ಆನ್ ಅದಾವ. ಆದ್ರೂ ಎಣ್ಣಿ ನಡನಡುವ ಕಡೀಲಿಕ್ಕತ್ತಿತ್ತು. ಅಣ್ಣ ಲಿವರಿನಿಂದ ಕೈ ತಗದು ಮಡಿಲಿನಾಗ ಇಟ್ಕೊಂಡ. "ಹೇಳಿದ್ನಲ್ಲ, ನನ್ನ ಕೈ ನಡಗ್ತದ. ಲಿವರ್ ಅಲುಗಾಡ್ತದ, ಎಣ್ಣಿ ಕಡೀತದ. ಇನ್ನ ಆಗೋದಿಲ್ಲ ತಮ್ಮಾ, ಬಿಡು."

ಎರಡು ವರ್ಷದ ಮ್ಯಾಲ ತಮ್ಮಾ ಅಂದ. ಅದೂ ಹಿಂಗ.

ಆ ಪೆಟಿಗಿಯ ಮೂರು ಲಿವರ್ ಸಣ್ಣ ಪಿಸ್ಟನ್ ವಿಮಾನದ ಲೆಕ್ಕಕ್ಕ ಮಾಡಿದ್ದು. ಒಂದು ವೇಗಕ್ಕ, ಒಂದು ಮುಂದಿನ ಪಂಖಾಕ್ಕ, ಮೂರನೇದು ಎಣ್ಣಿ-ಗಾಳಿ ಹದಕ್ಕ. ಜೆಟ್ಟಿಗೆ ಆ ಹದದ ಕೆಲಸ ಇಲ್ಲ, ಅದಕ್ಕ ಪ್ರೋಗ್ರಾಂ ಆ ಲಿವರನ್ನ ಎಣ್ಣಿ ಬಿಡೋ ಕಡಿಯೋ ಲಿವರ್ ಅಂತ ತಿಳೀತದ. ಮ್ಯಾಲ ಇದ್ರ ಎಣ್ಣಿ, ಕೆಳಗ ಬಂದ್ರ ಬಂದ್.

ಸೆಟ್ಟಿಂಗಿನಾಗ ಲಿವರ್ ಎಲ್ಲಿ ಅದ ಅಂತ ಅಂಕಿಯೊಳಗ ತೋರಸೋ ಪುಟ ಇತ್ತು. ಅದನ್ನ ತಗಸಿದೆ. ಅಣ್ಣ ಲಿವರ್ ಮ್ಯಾಲ ಎತ್ತಿ ಹಿಡದ. 97, 41, 0, 88, 12. ಅಂಕಿ ಕುಣೀಲಿಕ್ಕತ್ತಿತ್ತು.

"ಕೈ ತಗಿ" ಅಂದೆ.

ತಗದ. ಲಿವರ್ ಮ್ಯಾಲ ಯಾರ ಕೈನೂ ಇಲ್ಲ. 90, 33, 0, 76.

ಅಣ್ಣ ಆ ಅಂಕಿ ಬಾಳ ಹೊತ್ತು ನೋಡಿದ. ಲಿವರ್ ನೋಡಿದ, ತನ್ನ ಕೈ ನೋಡಿದ. ಮತ್ತ ಅಂಕಿ ನೋಡಿದ. ವೈನಿ ಬಾಗಲದಾಗ ನಿಂತಿದ್ರು, ಅವರಿಗೆ ಏನಾತು ಅಂತ ತಿಳೀಲಿಲ್ಲ. "ನಂದಲ್ಲ ಇದು" ಅಂದ ಅಣ್ಣ. ಅಷ್ಟ ಅಂದ.

ಅವತ್ತಿನ ಮಟ್ಟಿಗೆ ಸೆಟ್ಟಿಂಗಿನಾಗ ಆ ಲಿವರಿಗೆ ಯಾವ ಕೆಲಸಾನೂ ಬ್ಯಾಡ ಅಂತ ಕೊಟ್ವಿ. ತೆರೆ ಮ್ಯಾಲಿನ ಎಣ್ಣಿ ಲಿವರನ್ನ ಮೌಸಿನಿಂದ ಎತ್ತೋದು ಅಂತ ಆತು. ಅಣ್ಣ ಎಪಿಯು ನೋಡಿದ, ಪ್ಯಾಕ್ ಬಂದ್, ಎಣ್ಣಿ ಪಂಪ್ ಆನ್, ಸ್ಟಾರ್ಟರ್. 25 ಬಂತು. ನಡುಗೋ ಬಲಗೈಲೇ ಮೌಸ್ ಒತ್ತಿದ. ಕಾವಿನ ಮುಳ್ಳು ಏರಿತು, ಕೆಂಪು ಗೆರಿ ದಾಟಲಿಲ್ಲ. 30, 40, 50. 56ಕ್ಕ ಸ್ಟಾರ್ಟರ್ ಸ್ವಿಚ್ ಟಕ್ ಅಂತ ತಾನ ಹಿಂದ ಬಂತು. 60ಕ್ಕ ನೆಲಿ ನಿಂತಿತು. ಸಣ್ಣ ಸ್ಪೀಕರಿನಾಗ ಜೆಟ್ಟಿನ ಸಪ್ಪಳ ಪಡಸಾಲಿ ತುಂಬಿತು.

ವಿಮಾನ ಚಾಲೂ ಮಾಡುವಾಗ ಕೆಳಗ ನಿಂತವರು ಬೆರಳು ಎತ್ತಿ ಗಾಳಿಯೊಳಗ ತಿರುವಿ ಪೈಲಟರಿಗೆ ಸನ್ನಿ ಮಾಡ್ತಾರ. ಎರಡನೇ ಎಂಜಿನ್ ಚಾಲೂ ಮಾಡೋ ಮುಂದ ಅಣ್ಣ ತನ್ನ ಬಲಗೈ ಬೆರಳು ಎತ್ತಿ ಹಂಗ ಒಂದು ಸಣ್ಣ ಸುತ್ತು ತಿರುವಿದ. ಆಮ್ಯಾಲ ಚಹಾ ಕೇಳಿದ. ವೈನಿ ಚಹಾದ ಜೋಡಿ ಸುಸಲಾನೂ ತಂದ್ರು. ಇಬ್ಬರೂ ಉಂಡ್ವಿ.

ಮರುದಿನ ಪೆಟಿಗಿ ಬಿಚ್ಚಿದ್ವಿ. ಅಂವ ಎಡಗೈಲೆ ಸ್ಕ್ರೂ ತಗದ, ನಾ ಹಿಡಕೊಂಡೆ. ಹಳೇ ರೇಡಿಯೋದ ವಾಲ್ಯೂಮ್ ತಿರುವಿದ್ರ ಖರ್ ಖರ್ ಅಂತಿತ್ತಲ್ಲ, ಲಿವರಿನ ಬುಡದಾಗ ಅದ ಸಾಮಾನು. ಕರಿ ಪಟ್ಟಿ ಮ್ಯಾಲ ಒಂದು ಸಣ್ಣ ತಂತಿ ಸರೀತದ. ಪಟ್ಟಿ ಮ್ಯಾಲ ಧೂಳು ಕುಂತ್ರ ತಂತಿ ತಗಲತದ, ಬಿಡತದ, ಅಂಕಿ ಕುಣೀತದ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡದು ಇಪ್ಪತ್ತು ಸಲ ಮ್ಯಾಲ ಕೆಳಗ ಆಡಿಸಿ, ಆರಿದ ಮ್ಯಾಲ ಜೋಡಿಸಿದ್ವಿ. ಕಂಪ್ಯೂಟರಿಗೆ ಹಚ್ಚಿ ಈ ತುದಿಯಿಂದ ಆ ತುದಿತನಕ ಆಡಿಸಿ ಅಳತಿ ಕೊಟ್ವಿ. ಈಗ ಅಂಕಿ ನಿಲ್ಲತದ. ಕೈ ಇಟ್ರ ಒಂದೆರಡು ಅಂಕಿ ಅಲುಗತದ, ಅಷ್ಟ. ಅದಕ್ಕ ಎಣ್ಣಿ ಕಡಿಯೋದಿಲ್ಲ.

ಈಗ ಮೋಟರಿನ ಮಾತು.

ಎರಡು ವರ್ಷದ ಹಿಂದ, ಅಣ್ಣನ ಪಾಳಿಯ ಹಿಂದಿನ ರಾತ್ರಿ ನನ್ನ ಪಾಳಿ. ತ್ರೀ ಫೇಸ್ ಲೈಟ್ ಬಂದಿತ್ತು, ವೋಲ್ಟೇಜ್ ಇರಲಿಲ್ಲ. 415 ಇರಬೇಕಾದಲ್ಲಿ 340 ತೋರಸ್ತಿತ್ತು. ಸ್ಟಾರ್ಟರ್ ಒತ್ತಿದ್ರ ಮೋಟರ್ ಗುಂಯ್ ಅಂತಿತ್ತು, ವೇಗ ಹಿಡೀತಿರಲಿಲ್ಲ, ರಿಲೇ ಟ್ರಿಪ್ ಆಗ್ತಿತ್ತು. ರಿಸೆಟ್ ಮಾಡಿ ಮತ್ತ ಒತ್ತಿದೆ. ಹತ್ತು ಸಲ ಆದ್ರೂ ಆಗಿರಬೇಕು. ಕಡೀಕ ಸಿಟ್ಟಿಗೆದ್ದು ರಿಲೇ ಡಯಲ್ ಏಳೂವರಿಯಿಂದ 10ಕ್ಕ ತಿರುವಿದೆ. ಮೋಟರ್ ತಿರುಗಿತು, ನೀರು ಬಂತು. ನಸುಕಿನ್ಯಾಗ ಮೋಟರ್ ಮುಟ್ಟಿದ್ರ ಕೈ ಸುಡ್ತಿತ್ತು. ಬಂದ್ ಮಾಡಿ ಮನಿಗೆ ಬಂದೆ. ಅಣ್ಣ ಮುಂಜಾನಿ ಒತ್ತಿದ, ಒಂದ ತಾಸಿನ್ಯಾಗ ಸುಟ್ಟಿತು.

ವೋಲ್ಟೇಜ್ 340ಕ್ಕ ಇಳದ್ರ ಮೋಟರಿನ ತಿರುಗೋ ಬಲ ಮೂರರಾಗ ಎರಡು ಪಾಲು ಉಳೀತದ, ಆಂಪಿಯರ್ ಮಾತ್ರ ಏರತದ, ವೈಂಡಿಂಗ್ ಕಾಯ್ತದ. ರಿಲೇ ಟ್ರಿಪ್ ಆಗಿದ್ದು ಮೋಟರ್ ಉಳಸಾಕ. ನಾ ಅದರ ಬಾಯಿ ಕಟ್ಟಿದೆ. ಗಾಳಿ ಸಾಲದ ಎಂಜಿನ್‌ಗೆ ಎಣ್ಣಿ ಸುರದಂಗ ಆತು. ಇದು ನನಗ ಅವತ್ತ ಮನಸ್ಸಿನಾಗ ಗೊತ್ತಿತ್ತು. ಆದ್ರೂ ಅಣ್ಣನ ಕೈ ತಪ್ಪು ಅಂತ ಊರ ತುಂಬ ಹೇಳಿದೆ.

ಪೆಟಿಗಿ ಜೋಡಿಸಿದ ಮ್ಯಾಲ ಅವನ ಮುಂದ ಇದೆಲ್ಲ ಹೇಳಿದೆ. ಅಂವ ಕಡೀ ಸ್ಕ್ರೂ ತಿರುವಲಿಕ್ಕತ್ತಿದ್ದ, ನಿಲ್ಲಿಸಲಿಲ್ಲ. "ಗೊತ್ತದೋ. ಸುಟ್ಟ ಮ್ಯಾಲ ಡಯಲ್ ನೋಡಿದ್ನಲ್ಲ. ನಾನ ತಿರುಗಿ ಏಳೂವರಿಗೆ ತಂದಿಟ್ಟೆ" ಅಂದ.

"ಮತ್ತ ಯಾಕ ಹೇಳಲಿಲ್ಲ?"

"ನೀನ ಹೇಳ್ತಿ ಅಂತ ಕಾದೆ."

ಅದಕ್ಕ ಇದನ್ನ ಇಲ್ಲಿ ಬರೀಲಿಕ್ಕತ್ತೀನಿ. ಅಗಸಿ ಕಟ್ಟಿ ಮ್ಯಾಲ ಹತ್ತು ಮಂದಿ ಮುಂದ ಅಂದ ಮಾತು ಹತ್ತು ಮಂದಿ ಮುಂದ ವಾಪಸ್ ತಗೋಬೇಕು. ಬಾವಿ ಮೋಟರ್ ಸುಟ್ಟಿದ್ದು ನನ್ನಿಂದ, ಅಣ್ಣನಿಂದಲ್ಲ. ರಿವೈಂಡಿಂಗಿಗೆ ಅಂವ ಕೊಟ್ಟ ಅರ್ಧ ರೊಕ್ಕ ತೊಗರಿ ಮಾರಿದ ಮ್ಯಾಲ ಕೊಡ್ತೀನಿ ಅಂದೀನಿ. ಬ್ಯಾಡ ಅಂದಾನ, ಆದ್ರೂ ಕೊಡ್ತೀನಿ.

ಮೋಟರ್ ಇದ್ದವರು ಇಷ್ಟು ನೆನಪಿಡ್ರಿ:

1. ಚಾಲೂ ಆಗಲಿಲ್ಲ ಅಂತ ಬಿಡಬ್ಯಾಡ್ರಿ, ಎಲ್ಲಿತನಕ ಬಂದು ನಿಂತಿತು ಅಂತ ನೋಡ್ರಿ. ಸಪ್ಪಳನೇ ಇಲ್ಲಂದ್ರ ಲೈಟ್, ಫ್ಯೂಸ್ ನೋಡ್ರಿ. ಗುಂಯ್ ಅಂದು ತಿರುಗಲಿಲ್ಲಂದ್ರ ಒಂದು ಫೇಸ್ ಇಲ್ಲ, ಇಲ್ಲಾ ವೋಲ್ಟೇಜ್ ಕಡಿಮಿ, ಇಲ್ಲಾ ಪಂಪ್ ಜಾಮ್. ತಿರುಗಿ ನೀರು ಬರಲಿಲ್ಲಂದ್ರ ಫುಟ್‌ವಾಲ್ವ್, ಪೈಪಿನ ಗಾಳಿ.

2. ರಿಲೇ ಟ್ರಿಪ್ ಆದ್ರ ವೋಲ್ಟೇಜ್ ನೋಡದ ತಿರುಗಿ ಒತ್ತಬ್ಯಾಡ್ರಿ. ಮೋಟರ್ ಆರಾಕ ಬಿಡ್ರಿ.

3. ರಿಲೇ ಡಯಲ್ ಮೋಟರಿನ ಪ್ಲೇಟ್ ಮ್ಯಾಲ ಬರದ ಆಂಪಿಯರಿಗಿಂತ ಮ್ಯಾಲ ಏರಸಬ್ಯಾಡ್ರಿ.

4. ಯಾರದರ ಕೈ ತಪ್ಪು ಅನ್ನೋ ಮೊದಲ, ಅವರ ಕೈ ತಗಸಿ ಮಶಿನ್ ತಾನ ಏನು ಮಾಡತದ ನೋಡ್ರಿ.

ಇವತ್ತು ರಾತ್ರಿ ನನ್ನ ಪಾಳಿ. ಡಯಲ್ ಏಳೂವರಿಗೆ ಅದ, ಮುಂಜಾನಿ ಹೋಗಿ ನೋಡಿ ಬಂದೀನಿ. ಅಣ್ಣ ನಿನ್ನೆ ಕಲಬುರಗಿಯಿಂದ ಬೀದರತನಕ ಹಾರಿಸಿದ. ಇಳಸುವಾಗ ರನ್‌ವೇ ಬಿಟ್ಟು ಹೊಲಕ್ಕ ಇಳಸಿದ. ಅದನ್ನ ಹ್ಯಾಂಗ ಸರಿ ಮಾಡೋದು ಅಂತ ಇವತ್ತು ಸಂಜಿಗೆ ಕುಂಡ್ರೋರಿದ್ದೀವಿ. ನೋಡಬೇಕಂದವರು ಬರ್ರಿ, ಚಹಾ ಇರ್ತದ.

ಮುಂದಿನ ವಾರ ತೊಗರಿ ರಾಶಿ, ಖರೇನ ಬರೀತೀನಿ.